ನಂಜಿನ ಆಘಾತ: ರಕ್ತದೊತ್ತಡ ಏರಿಸುವ ಔಷಧಿಯನ್ನು ಯಾವಾಗ ಆರಂಭಿಸಬೇಕು?

ರಕ್ತದೊತ್ತಡದ ಔಷಧಿ ಎಂದೊಡನೆ ನೆನಪಿಗೆ ಬರುವುದು ಏರಿದ ಒತ್ತಡವನ್ನು ಇಳಿಸಲು ಪ್ರತಿದಿನ ಸೇವಿಸುವ ಮಾತ್ರೆ. ಆದರೆ ತೀವ್ರ ನಿಗಾ ಘಟಕದಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುವ ಔಷಧಿಗಳೂ ಇವೆ. ಕುಸಿದ ಒತ್ತಡವನ್ನು ಮೇಲೆತ್ತುವ ಈ ಔಷಧಿಗಳಲ್ಲಿ ಮೊದಲ ಆಯ್ಕೆ ನಾರ್‌ಅಡ್ರಿನಲಿನ್.

ಶ್ವಾಸಕೋಶ, ಮೂತ್ರಮಾರ್ಗ, ಹೊಟ್ಟೆ ಅಥವಾ ಗಾಯದಲ್ಲಿ ಉಂಟಾದ ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ ತನ್ನ ಅಂಗಾಂಗಗಳಿಗೇ ಹಾನಿ ಮಾಡತೊಡಗಿದರೆ ಅದನ್ನು ಸೆಪ್ಸಿಸ್ ಅಥವಾ ನಂಜು ಎನ್ನುತ್ತಾರೆ. ಆಗ ರಕ್ತನಾಳಗಳ ಗೋಡೆಯ ಸ್ನಾಯುಗಳು ಸಡಿಲಗೊಂಡು ನಾಳಗಳು ಹಿಗ್ಗುತ್ತವೆ. ಅತಿ ಸೂಕ್ಷ್ಮ ನಾಳಗಳಿಂದ ದ್ರವವು ಹೊರಕ್ಕೆ ಸೋರುತ್ತದೆ. ಕೊಳವೆ ಅಗಲವಾಗಿ, ಜೊತೆಗೆ ಸೋರಿಕೆಯೂ ಆದರೆ ಮೇಲಂತಸ್ತಿನ ನಲ್ಲಿಗೆ ನೀರೇರದು. ಹಾಗೆಯೇ ಮೂತ್ರಪಿಂಡ, ಮಿದುಳುಗಳಿಗೆ ರಕ್ತ ಸಾಲದಾಗುತ್ತದೆ. ಈ ಘಟ್ಟವೇ ನಂಜಿನ ಆಘಾತ, ಅಂದರೆ ಸೆಪ್ಟಿಕ್ ಶಾಕ್.

ಇಲ್ಲಿ ವೈದ್ಯರು ಗಮನಿಸುವುದು ಸರಾಸರಿ ಒತ್ತಡವನ್ನು. ಮೇಲಿನ ಮತ್ತು ಕೆಳಗಿನ ಅಂಕಿಗಳ ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಕೆಳಗಿನ ಅಂಕಿಗೆ ಕೂಡಿಸಿದರೆ ಅದು ಸರಿಸುಮಾರಾಗಿ ದೊರೆಯುತ್ತದೆ. 120/80 ಇದ್ದವರಿಗೆ ಅದು 93. 80/40 ಇದ್ದವರಿಗೆ 53 ಮಾತ್ರ. ಚಿಕಿತ್ಸೆಯ ಆರಂಭದ ಗುರಿ 65.

ಈ ಗುರಿಯನ್ನು ಮುಟ್ಟಲು ಹಿಂದಿನಿಂದ ನಡೆದುಬಂದ ಕ್ರಮವೆಂದರೆ ಮೊದಲು ಲವಣದ್ರವವನ್ನು ಧಾರಾಳವಾಗಿ ಹರಿಸುವುದು, ಅದರಿಂದ ಆಗದಿದ್ದರೆ ಮಾತ್ರ ಒತ್ತಡ ಏರಿಸುವ ಔಷಧಿಗೆ ಕೈಹಾಕುವುದು. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೊದಲ 3 ಗಂಟೆಗಳಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಕನಿಷ್ಠ 30 ಮಿಲಿಲೀಟರ್ ದ್ರವವನ್ನು ಸೂಚಿಸುತ್ತದೆ. 60 ಕಿಲೋ ತೂಗುವವರಿಗೆ ಇದು 1.8 ಲೀಟರ್. ಆದರೆ ಸೋರುವ ನಾಳಗಳಿಗೆ ದ್ರವವನ್ನು ತುಂಬುತ್ತಲೇ ಹೋದರೆ ಅದು ಶ್ವಾಸಕೋಶದಲ್ಲಿ ಸೇರಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಇತ್ತ ಕಾಯುತ್ತ ಕುಳಿತಷ್ಟು ಹೊತ್ತೂ ಅಂಗಗಳು ರಕ್ತವಿಲ್ಲದೆ ಬಳಲುತ್ತವೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಬ್ಯಾಂಕಾಕಿನ ಸಿರಿರಾಜ್ ಆಸ್ಪತ್ರೆಯಲ್ಲಿ 310 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿಗೆ ಅಲ್ಪ ಪ್ರಮಾಣದ ನಾರ್‌ಅಡ್ರಿನಲಿನ್ ಅನ್ನು ಆರಂಭದಲ್ಲಿಯೇ ನೀಡಲಾಯಿತು. 6 ಗಂಟೆಗಳೊಳಗೆ ಆಘಾತ ಹತೋಟಿಗೆ ಬಂದದ್ದು ಈ ಗುಂಪಿನ ಶೇಕಡಾ 76 ಮಂದಿಯಲ್ಲಿ. ಇನ್ನೊಂದು ಗುಂಪಿನಲ್ಲಿ ಶೇಕಡಾ 48. ಶ್ವಾಸಕೋಶದಲ್ಲಿ ನೀರು ತುಂಬಿದ ಪ್ರಸಂಗಗಳೂ ಮೊದಲ ಗುಂಪಿನಲ್ಲಿ ಕಡಿಮೆ. ಇದನ್ನು ಓದಿ ವಿವಾದ ಮುಗಿಯಿತೆಂದು ಭಾವಿಸುವಂತಿಲ್ಲ. ಅಮೆರಿಕದ 60 ಕೇಂದ್ರಗಳಲ್ಲಿ 1,563 ರೋಗಿಗಳ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನವು ದ್ರವವನ್ನು ಮಿತಗೊಳಿಸಿ ಔಷಧಿಯನ್ನು ಬೇಗ ನೀಡುವ ಕ್ರಮವನ್ನು, ದ್ರವವನ್ನೇ ಹೆಚ್ಚಾಗಿ ನೀಡುವ ಕ್ರಮದೊಡನೆ ಹೋಲಿಸಿತು. 90 ದಿನಗಳೊಳಗಿನ ಸಾವು ಕ್ರಮವಾಗಿ ಶೇಕಡಾ 14.0 ಮತ್ತು 14.9, ಗಣನೀಯ ಅಂತರವಿಲ್ಲ. ಆದರೆ ಈ ರೋಗಿಗಳಿಗೆ ಅಧ್ಯಯನಕ್ಕೆ ಸೇರುವ ಮೊದಲೇ 1 ಲೀಟರಿಗೆ ಕಡಿಮೆಯಿಲ್ಲದಷ್ಟು ದ್ರವ ನೀಡಲಾಗಿತ್ತು ಎಂಬುದನ್ನು ಮರೆಯಬಾರದು. ಬೇಗ ಆರಂಭಿಸುವುದರಿಂದ ಪ್ರಾಣ ಹೆಚ್ಚು ಉಳಿಯುತ್ತದೆಂದು ಇವುಗಳಿಂದ ಸಿದ್ಧವಾಗದಿದ್ದರೂ, ಒತ್ತಡ ತೀರಾ ಕುಸಿದಿರುವಾಗ ದ್ರವದ ಲೆಕ್ಕ ಪೂರ್ಣವಾಗಲೆಂದು ಔಷಧಿಯನ್ನು ತಡೆಹಿಡಿಯಲು ಕಾರಣವಂತೂ ಕಾಣುವುದಿಲ್ಲ.

ತಡವಾಗಲು ಇನ್ನೊಂದು ಕಾರಣವಿತ್ತು. ಈ ಔಷಧಿಯನ್ನು ಕುತ್ತಿಗೆಯಲ್ಲಿಯೋ ಎದೆಯ ಮೇಲ್ಭಾಗದಲ್ಲಿಯೋ ಇರುವ ದೊಡ್ಡ ಅಭಿಧಮನಿಯ ಮೂಲಕವೇ ಕೊಡಬೇಕೆಂಬ ರೂಢಿ. ಅಲ್ಲಿ ನಳಿಕೆ ಸೇರಿಸಲು ನುರಿತ ಕೈ ಬೇಕು, ಹೊತ್ತೂ ಹಿಡಿಯುತ್ತದೆ. ಅದಕ್ಕಾಗಿ ಕಾಯದೆ ತೋಳಿನ ಅಭಿಧಮನಿಯಲ್ಲಿಯೇ ಅಲ್ಪಕಾಲ ಆರಂಭಿಸಬಹುದೆಂದು 2021ರ ಮಾರ್ಗಸೂಚಿ ಹೇಳುತ್ತದೆ. ಔಷಧಿ ಹೊರಸೋರಿದರೆ ಚರ್ಮ ಕೊಳೆಯುವ ಅಪಾಯವಿರುವುದರಿಂದ ಆ ಜಾಗವನ್ನು ಆಗಾಗ ನೋಡುತ್ತಿರಬೇಕು. ಸೂಜಿಯ ಸುತ್ತ ಬಾವು, ನೋವು ಅಥವಾ ಬಿಳಿಚಿಕೊಂಡಂತೆ ಕಂಡರೆ ಬಳಿಯಲ್ಲಿರುವವರು ಕೂಡಲೇ ದಾದಿಗೆ ತಿಳಿಸಬೇಕು.

ಈ ಔಷಧಿ ಸೋಂಕನ್ನು ಗುಣಪಡಿಸದು. ಅಂಗಾಂಗಗಳನ್ನು ಕಾಪಾಡಿಕೊಂಡು ಕಾಲಾವಕಾಶ ಒದಗಿಸುತ್ತದೆ, ಅಷ್ಟೆ. ಸೋಂಕಿನ ಮೇಲೆ ಕೆಲಸ ಮಾಡಬೇಕಾದದ್ದು ಪ್ರತಿಜೈವಿಕ ಔಷಧಿ. ಆಘಾತದ ಸ್ಥಿತಿಯಲ್ಲಿ ಅದನ್ನು ಒಂದು ಗಂಟೆಯೊಳಗೆ ಕೊಡಬೇಕೆಂಬುದು ನಿಯಮ. ಕೀವು ತುಂಬಿದ್ದರೆ ಅದನ್ನು ಹೊರತೆಗೆಯಲೇಬೇಕು.

ಮನೆಯವರಿಗೆ ಒಂದು ಮಾತು. ಜ್ವರ ಅಥವಾ ಸೋಂಕು ಇರುವವರಲ್ಲಿ ಮಾತು ತೊದಲುವುದು, ಗೊಂದಲ, ವೇಗದ ಉಸಿರಾಟ, ಕೈಕಾಲು ತಣ್ಣಗಾಗುವುದು, ಮೂತ್ರ ತೀರಾ ಕಡಿಮೆಯಾಗುವುದು ಕಂಡುಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವೃದ್ಧರಲ್ಲಿ ಜ್ವರವೇ ಇಲ್ಲದಿರಬಹುದು. ರೋಗಿಯು ಅಧಿಕ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದರೆ ಆ ಚೀಟಿಯನ್ನು ಜೊತೆಗೆ ಕೊಂಡೊಯ್ದು, ಕೊನೆಯ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು, ಕೊನೆಯ ಬಾರಿ ಮೂತ್ರವಾದದ್ದು ಯಾವಾಗ ಎಂಬುದನ್ನು ಕೇಳುವ ಮೊದಲೇ ವೈದ್ಯರಿಗೆ ಹೇಳಬೇಕು.