ಪತ್ತನಾಜೆಗೆ ಮೊದಲು ಘಟ್ಟ ಹತ್ತಿ: ಕಾರಿನಲ್ಲಿ ಮನೆ ಸಾಗಿಸುವವರಿಗೆ

ನಮ್ಮೂರು ಕನ್ಯಾನದಿಂದ ಕೇರಳದ ಗಡಿಗೆ ಕೆಲವೇ ಕಿಲೋಮೀಟರ್. ಅಲ್ಲಿಗೆ ಮುಂಗಾರು ಬಂತೆಂದರೆ ನಮ್ಮ ಅಂಗಳಕ್ಕೂ ಬಂದ ಹಾಗೆ. 2025ರಲ್ಲಿ ಅದು ಬಂದದ್ದು ಮೇ 24ಕ್ಕೆ. ಜೂನ್ 1ರ ವಾಡಿಕೆಗಿಂತ ಎಂಟು ದಿನ ಮೊದಲು. 2009ರ ಬಳಿಕ ಅದುವರೆಗೆ ಅಷ್ಟು ಬೇಗ ಬಂದದ್ದೇ ಇರಲಿಲ್ಲ. ಶಾಲೆಗಳ ಬಾಗಿಲು ತೆರೆಯುವುದು ಮೇ ಕೊನೆಗೆ. ಅದರ ಹಿಂದಿನ ವಾರ ಬೆಂಗಳೂರಿಗೋ ಮೈಸೂರಿಗೋ ಮನೆ ಸಾಗಿಸಿದರಾಯಿತು ಎಂದುಕೊಂಡವರು ಆ ವರ್ಷ ಸುರಿಯುವ ಮಳೆಯಲ್ಲೇ ಸಾಮಾನು ಕಟ್ಟಬೇಕಾಯಿತು.

ಹಿಮ ಬೀಳುವ ಕೆಲವು ಕಡೆ ಋತು ಬದಲಾಗುವ ಮೊದಲೇ ಸಜ್ಜಾಗುವುದಕ್ಕೆ ಕಾನೂನೇ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರು ಕಡ್ಡಾಯ. ನಮಗೆ ಹಿಮವಿಲ್ಲ, ಘಟ್ಟದ ಮಳೆಯಿದೆ. ಅದಕ್ಕೆ ಹಿರಿಯರು ಗೊತ್ತು ಮಾಡಿಟ್ಟ ದಿನವೂ ಇದೆ. ತುಳು ತಿಂಗಳು ಬೇಶದ ಹತ್ತನೇ ದಿನ, ಅಂದರೆ ಹೆಚ್ಚುಕಡಿಮೆ ಮೇ 24ಕ್ಕೆ ಪತ್ತನಾಜೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ ನೇಮಗಳು ನಿಲ್ಲುತ್ತವೆ. ಮನೆ ಸಾಗಿಸುವವರೂ ಈ ಗಡುವನ್ನೇ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ದಿನ ಗೊತ್ತು ಮಾಡುವುದು

ಒಂದಲ್ಲ, ಎರಡು ದಿನ ಗೊತ್ತು ಮಾಡಿ. ಮೊದಲನೆಯದು ಮೇ ಎರಡನೇ ವಾರದೊಳಗೆ ಇರಲಿ. ಎರಡನೆಯದು ಅದಕ್ಕಿಂತ ನಾಲ್ಕೈದು ದಿನ ಈಚೆಗೆ. ಲಾರಿಯವರಿಗೂ ಹೊಸ ಮನೆಯ ಮಾಲೀಕರಿಗೂ ಎರಡನ್ನೂ ಮೊದಲೇ ಹೇಳಿಡಿ. ಆಮೇಲೆ ದಿನ ಮುಂದೆ ಹಾಕುವುದು ಕಷ್ಟವೆನಿಸುವುದಿಲ್ಲ. ಹಾಲು ಉಕ್ಕಿಸುವ ಮುಹೂರ್ತಕ್ಕೂ ಸಾಮಾನು ಸಾಗಿಸುವ ದಿನಕ್ಕೂ ಗಂಟು ಹಾಕಬೇಡಿ. ಮುಹೂರ್ತಕ್ಕೆ ಇಬ್ಬರು ರೈಲಿನಲ್ಲಿ ಹೋಗಿ ಬರಬಹುದು.

ಹೊರಡುವ ಮೂರು ದಿನ ಮೊದಲಿನಿಂದ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತಿರಿ. 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚಿನ ಮಳೆಗೆ ಹಳದಿ ಎಚ್ಚರಿಕೆ, 115.6ರಿಂದ ಮೇಲಕ್ಕೆ ಕಿತ್ತಳೆ, 204.4 ದಾಟುವಂತಿದ್ದರೆ ಕೆಂಪು. ನಮ್ಮ ಜಿಲ್ಲೆಯನ್ನು ಮಾತ್ರ ನೋಡಿದರೆ ಸಾಲದು. ಹಾಸನ, ಕೊಡಗು, ಚಿಕ್ಕಮಗಳೂರಿನ ಬಣ್ಣವನ್ನೂ ನೋಡಬೇಕು. ಗುಡ್ಡ ಜಾರುವುದು ಮೇಲೆ ಬಿದ್ದ ಮಳೆಗೆ. ಹಳದಿಯಿದ್ದರೆ ಬೆಳಗ್ಗೆ ಬೇಗ ಹೊರಡಿ. ಕಿತ್ತಳೆ, ಕೆಂಪು ಇದ್ದರೆ ಎರಡನೇ ದಿನಕ್ಕೆ ಬಿಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ಕ್ಕೆ (92433 45433) ಫೋನ್ ಮಾಡಿಯೂ ಕೇಳಬಹುದು.

ಬಿಟ್ಟು ಹೋಗುವ ಮನೆ, ತೋಟ

ನಮ್ಮಲ್ಲಿ ಮನೆ ಸಾಗಿಸುವುದೆಂದರೆ ಬೀಗ ಹಾಕಿ ಹೊರಡುವುದಲ್ಲ. ಹಿಂದೆ ಅಡಿಕೆ ತೋಟ ಇರುತ್ತದೆ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣದ ಮೊದಲ ಸುತ್ತು ಮಳೆಗೆ ಮುಂಚೆ ಆಗಬೇಕು, ಎರಡನೆಯದು ಅದಾಗಿ 40–45 ದಿನಕ್ಕೆ. ಮದ್ದು ಬಿಡುವವರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಎರಡೂ ಸುತ್ತಿಗೆ ಜನ ಗೊತ್ತು ಮಾಡಿ, ಮೈಲುತುತ್ತು, ಸುಣ್ಣ ತಂದಿಟ್ಟು, ನೋಡಿಕೊಳ್ಳುವವರ ಕೈಗೆ ಒಪ್ಪಿಸಿ ಹೊರಡಿ. ತೋಟದ ಕಣಿ ಬಿಡಿಸಿ, ಒಡೆದ ಹಂಚು ಬದಲಿಸಿ. ಸಿಡಿಲಿನ ಕಾಲವಾದ್ದರಿಂದ ಮೈನ್ ಸ್ವಿಚ್ ಆರಿಸಿಡಿ.

ಕಾಗದಪತ್ರಗಳಲ್ಲಿ ಮೊದಲು ಮಕ್ಕಳ ವರ್ಗಾವಣೆ ಪತ್ರ. ಗ್ಯಾಸ್ ಸಿಲಿಂಡರನ್ನು ಕಾರಿನಲ್ಲಿ ಒಯ್ಯುವ ಆಲೋಚನೆಯೇ ಬೇಡ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಮರಳಿಸಿ ಠೇವಣಿ ಹಣ, ವರ್ಗಾವಣೆ ಚೀಟಿ ಪಡೆದರೆ ಹೊಸ ಊರಿನಲ್ಲಿ ಅದರ ಮೇಲೆಯೇ ಸಂಪರ್ಕ ಸಿಗುತ್ತದೆ. ಕಾರಿನ ಆರ್‌ಸಿಯಲ್ಲಿ ಹೊಸ ವಿಳಾಸ ಸೇರಿಸಲು 30 ದಿನಗಳ ಅವಕಾಶವಿದೆ. ಜಾಗದ ದಾಖಲೆ, ಚಿನ್ನ, ಅಂಕಪಟ್ಟಿ ಲಾರಿಗೆ ಹೋಗಲೇಬಾರದು.

ಲಾರಿಗೆ ಏನು, ಕಾರಿಗೆ ಏನು

ನಮ್ಮ ಮನೆ ಸಾಗಿದ ವರ್ಷ ಲಾರಿಯ ಟರ್ಪಾಲಿನಲ್ಲಿ ಅಂಗೈಯಗಲದ ತೂತಿತ್ತು. ಹೊರಡುವ ಗಡಿಬಿಡಿಯಲ್ಲಿ ಯಾರೂ ಬಿಡಿಸಿ ನೋಡಲಿಲ್ಲ. ಇಳಿಸುವಾಗ ಹತ್ತಿಯ ಹಾಸಿಗೆ ನಾಲ್ಕು ಜನ ಹಿಡಿದರೂ ಏಳದಷ್ಟು ಭಾರ. ಅಜ್ಜನ ಪುಸ್ತಕಗಳಿದ್ದ ರಟ್ಟಿನ ಪೆಟ್ಟಿಗೆಯ ತಳ ಕಳಚಿ ಕೈಗೇ ಬಂತು. ಅಂಟಿಕೊಂಡ ಹಾಳೆಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿ, ನಡುನಡುವೆ ಪತ್ರಿಕೆಯ ಹಾಳೆ ಇಟ್ಟು, ಫ್ಯಾನಿನ ಕೆಳಗೆ ಮೂರು ದಿನ ಒಣಗಿಸಿದಳು. ಅರ್ಧ ಪುಸ್ತಕ ಉಳಿಯಲಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲು ಟರ್ಪಾಲು ತರಿಸಿ ನೋಡಿ. ಹಗಲು ಹೊತ್ತಿನಲ್ಲಿ ಇಬ್ಬರು ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಲಿ, ನೀವು ಕೆಳಗೆ ನಿಂತು ಮೇಲೆ ನೋಡಿ. ತೂತಿದ್ದಲ್ಲೆಲ್ಲ ಬಿಸಿಲು ಚುಕ್ಕಿಯಾಗಿ ಕಾಣುತ್ತದೆ. ಲಾರಿಯ ತಳಕ್ಕೂ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಮೊದಲು ಮರ, ಕಬ್ಬಿಣದ ಸಾಮಾನು. ಬಟ್ಟೆ, ಹಾಸಿಗೆ, ಪುಸ್ತಕ ಎಂದೂ ತಳಕ್ಕೆ ಬೇಡ. ಪುಸ್ತಕಕ್ಕೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ, ಕುಚ್ಚಲಕ್ಕಿಗೆ ಒಳಗೆ ಪ್ಲಾಸ್ಟಿಕ್ ಇರುವ ಗೋಣಿ. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒರೆಸಿ, ನಿಲ್ಲಿಸಿಯೇ ಸಾಗಿಸಿ.

ಕಾರಿನಲ್ಲಿ ಸಾಮಾನು ಹಿಂದಿನ ಗಾಜಿಗೆ ಅಡ್ಡ ಬರಬಾರದು. ಮಂಜಿನಲ್ಲಿ ಹಿಂದಿನದು ಕಾಣದಿದ್ದರೆ ಚಾಲಕನಿಗೆ ಒಂದು ಕಣ್ಣು ಹೋದಂತೆ. ಛಾವಣಿಯ ಮೇಲೆ ಹೇರುವುದೂ ಬೇಡ, ತಿರುವಿನಲ್ಲಿ ಕಾರು ವಾಲುತ್ತದೆ. ಉಪ್ಪಿನಕಾಯಿ ಭರಣಿಯನ್ನು ಬಿಟ್ಟು ಬರಲು ಯಾವ ಅಮ್ಮನೂ ಒಪ್ಪುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿ, ಗೋಣಿ ಸುತ್ತಿ, ಹಿಂದಿನ ಸೀಟಿನ ಕಾಲ ಬಳಿ ಇಡಿ. ತುಂಬಿದ ಕಾರಿಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಇರುತ್ತದೆ. ಟೈರಿನ ಹಲ್ಲು ಸವೆದು 1.6 ಮಿ.ಮೀ.ಗಿಂತ ಕಡಿಮೆಯಾಗಿರುವುದು ಕಾನೂನಿಗೂ ಸಲ್ಲದು. ಬೇಸಿಗೆಯ ಬಿಸಿಲಿಗೆ ವೈಪರಿನ ರಬ್ಬರು ಗಡುಸಾಗಿರುತ್ತದೆ, ಹೊಸದು ಹಾಕಿಸಿ.

ಯಾವ ಘಟ್ಟ?

ಬೆಂಗಳೂರಿಗಾದರೆ ವಿಟ್ಲ, ಕಬಕ, ಪುತ್ತೂರು, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ಹಾದು ಶಿರಾಡಿ. ಮೈಸೂರಿಗಾದರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ. ಚಿಕ್ಕಮಗಳೂರಿನ ಕಡೆಗೆ ಬೆಳ್ತಂಗಡಿ, ಉಜಿರೆ ಮೂಲಕ ಚಾರ್ಮಾಡಿ. ಚಾರ್ಮಾಡಿ ಕಿರಿದು, ತಿರುವು ಕಡಿದು, ಮಂಜು ದಟ್ಟ. ತುಂಬಿದ ಕಾರಿನಲ್ಲಿ ಕತ್ತಲಾದ ಮೇಲೆ ಬೇಡ.

ಒಂದು ಮುಚ್ಚಿದರೆ ಇನ್ನೊಂದರಲ್ಲಿ ಹೋಗೋಣ ಎಂಬ ಲೆಕ್ಕ ಪ್ರತಿಸಲ ನಡೆಯುವುದಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೇ ಮುಚ್ಚಿದ್ದವು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ರಸ್ತೆಗೆ ಗುಡ್ಡ ಬಂದರೆ, ಅದೇ ತಿಂಗಳು ಯಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಬುಡವೂ ಕುಸಿಯಿತು. ಹಾಗಾಗಿ ಹಿಂದಿನ ರಾತ್ರಿ ಒಮ್ಮೆ, ಉಪ್ಪಿನಂಗಡಿಯಲ್ಲಿ ಇನ್ನೊಮ್ಮೆ ವಿಚಾರಿಸಿ. ದಾರಿ ಸಂಶಯವಿದ್ದರೆ ಘಟ್ಟದ ಕೆಳಗೆ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವುದು ಲೇಸು. ಅಜ್ಜ ಅಜ್ಜಿಗೆ ಅಷ್ಟು ಹೊತ್ತು ಕಾರಿನಲ್ಲಿ ಕೂರಲು ಕಷ್ಟವಾದರೆ ಕಬಕ ಪುತ್ತೂರು ನಿಲ್ದಾಣದಿಂದ ರೈಲಿನಲ್ಲಿ ಕಳಿಸಿ.

ಹೊರಟ ಮೇಲೆ

ಬೆಳಗ್ಗೆ ಐದಕ್ಕೆ ಹೊರಡಿ. ಮುಂಗಾರಿಗೆ ಮುಂಚಿನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ, ಸಂಜೆಗೆ. ಏಳೂವರೆಯ ಸುಮಾರಿಗೆ ಗುಂಡ್ಯದಲ್ಲಿದ್ದರೆ ಬೆಳಕಿನಲ್ಲೇ ಘಟ್ಟ ಮುಗಿಯುತ್ತದೆ. ಘಟ್ಟದಲ್ಲಿ ಎಷ್ಟೋ ಕಡೆ ಫೋನು ಸಿಗುವುದಿಲ್ಲ. ಗುಂಡ್ಯದಿಂದ ಒಂದು, ಸಕಲೇಶಪುರದಿಂದ ಒಂದು ಕರೆ ಮಾಡುತ್ತೇವೆಂದು ಮನೆಯವರಿಗೆ ಹೇಳಿಡಿ.

ಜುಲೈ ಮಳೆಗಿಂತ ಮೊದಲ ಮಳೆಯ ರಸ್ತೆಗೆ ನಾನು ಹೆಚ್ಚು ಹೆದರುತ್ತೇನೆ. ಆರು ತಿಂಗಳ ಧೂಳು, ವಾಹನಗಳಿಂದ ಸೋರಿದ ಎಣ್ಣೆ ಎಲ್ಲ ಸೇರಿ ರಸ್ತೆ ಲೋಳೆಯಾಗುತ್ತದೆ. ಮೇಲೆ ತರಗೆಲೆ ಬೇರೆ. ಮುಂದಿನ ವಾಹನಕ್ಕೂ ನಿಮಗೂ ಎಂದಿನ ಎರಡರಷ್ಟು ಅಂತರವಿರಲಿ. ಬ್ರೇಕನ್ನು ತಿರುವಿಗೆ ಮೊದಲೇ ಒತ್ತಿ, ತಿರುವಿನ ನಡುವೆ ಬೇಡ. ಇಳಿಜಾರಿನಲ್ಲಿ ಕೆಳಗಿನ ಗೇರು. ಗಾಜಿಗೆ ಹಬೆ ಕಟ್ಟಿದರೆ ಎಸಿ ಹಾಕಿ.

ಧರೆಯನ್ನೂ ಗಮನಿಸುತ್ತಿರಿ. ತಿಳಿಯಾಗಿ ಇಳಿಯುತ್ತಿದ್ದ ನೀರು ಒಮ್ಮೆಗೇ ಕೆಂಪಾದರೆ, ಸಣ್ಣ ಕಲ್ಲುಗಳು ಉರುಳುತ್ತಿದ್ದರೆ, ಮರವೋ ಕಂಬವೋ ರಸ್ತೆಯ ಕಡೆ ವಾಲಿದ್ದರೆ ಅಲ್ಲಿ ನಿಲ್ಲಬೇಡಿ, ಮುಂದಕ್ಕೂ ನುಗ್ಗಬೇಡಿ. ಹಿಂದೆ ಬಂದು ಬಯಲಿನಲ್ಲಿ ನಿಲ್ಲಿ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬೇಡಿ, ಒಳಗೆ ನೀರು ಎಳೆದುಕೊಂಡು ಪೂರ್ತಿ ಕೆಡುತ್ತದೆ. ಮಕ್ಕಳನ್ನು ಇಳಿಸಿ ಎತ್ತರಕ್ಕೆ ಹೋಗಿ. ಹೆದ್ದಾರಿಯ ಸಹಾಯಕ್ಕೆ 1033, ತುರ್ತಿಗೆ 112.

ಲಾರಿ ಅಂದೇ ಬಂದು ಸೇರುತ್ತದೆಂದು ನಂಬಿ ಕೂರುವ ಹಾಗಿಲ್ಲ. ಮೊದಲ ರಾತ್ರಿಗೆ ಒಂದು ಚೀಲ ಕಾರಿನಲ್ಲೇ ಇರಲಿ: ಎರಡು ಚಾಪೆ, ಹೊದಿಕೆ, ಟಾರ್ಚು, ಮಕ್ಕಳ ಔಷಧಿ, ಒಂದು ಸೇರು ಅಕ್ಕಿ, ಉಪ್ಪು, ಒಂದು ಕುಕ್ಕರ್. ಗ್ಯಾಸ್ ಸಂಪರ್ಕ ಆಗುವುದು ಆಮೇಲೆ. ಗಂಜಿಗೆ ಒಂದು ಇಂಡಕ್ಷನ್ ಒಲೆಯನ್ನೂ ಹಾಕಿಕೊಳ್ಳಿ. ಭರಣಿ ಹೇಗೂ ಜೊತೆಗೇ ಬಂದಿರುತ್ತದೆ.