ಮನೆಯ ಕಸುಬಾಗಿ ರೇಷ್ಮೆ ಸಾಕಣೆಯೂ ಅದರ ಧರ್ಮವೂ

ವ್ಯವಸಾಯದ ಜೊತೆಯಲ್ಲಿ ಮನೆಯೊಳಗೇ ನಡೆಸಬಹುದಾದ ಉಪಕಸುಬುಗಳಲ್ಲಿ ರೇಷ್ಮೆ ಹುಳುವಿನ ಸಾಕಣೆಯು ಮೈಸೂರು ಸೀಮೆಗೆ ಬಹುಕಾಲದಿಂದ ಪರಿಚಿತವಾದುದು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುವಿನ ಬಿತ್ತನೆಯನ್ನು ತರಿಸಿ ಈ ಕಸುಬು ಇಲ್ಲಿ ಬೇರೂರುವಂತೆ ಮಾಡಿದನು. ಅಂದಿನಿಂದಲೂ ಇದು ದೊಡ್ಡ ಬಂಡವಾಳಗಾರರ ಪಾಲಾಗದೆ ಬಹುಮಟ್ಟಿಗೆ ಸಣ್ಣ ಹಿಡುವಳಿದಾರರ ಮನೆಗಳಲ್ಲಿಯೇ ಉಳಿದುಬಂದಿದೆ. ಸ್ವಲ್ಪ ಹಿಪ್ಪುನೇರಳೆ ತೋಟ, ಗಾಳಿಯಾಡುವ ಒಂದು ಕೊಠಡಿ, ಮನೆಮಂದಿಯ ಶ್ರಮ, ಇಷ್ಟು ಒದಗಿದರೆ ಮರಿ ಒಡೆದ ಐದಾರು ವಾರಗಳೊಳಗೆ ಹಣವು ಕೈಗೆ ಬರತಕ್ಕದ್ದು.

ಇಷ್ಟು ಸುಲಭವಾಗಿರುವುದರಿಂದಲೇ ಕೆಲವರು "ಮನೆ ನನ್ನದು, ಹುಳು ನನ್ನದು, ಲಾಭನಷ್ಟವೂ ನನ್ನದು" ಎಂದು ಭಾವಿಸುತ್ತಾರೆ. ಈ ಭಾವನೆಯು ಸರಿಯಲ್ಲ. ಒಂದು ಮನೆಯ ನಡತೆಯು ನೆರೆಯ ಮನೆಗಳ ಬೆಳೆಯನ್ನು ಇಷ್ಟುಮಟ್ಟಿಗೆ ಕಟ್ಟಿಹಾಕುವ ಕಸುಬು ಮತ್ತೊಂದು ದೊರೆಯುವುದು ಕಷ್ಟ. ಇಲ್ಲಿ ಪ್ರಾಮಾಣಿಕತೆಯು ಬರಿಯ ನೀತಿಯ ಮಾತಲ್ಲ; ಸೊಪ್ಪು ಹಾಕುವುದು, ಹಾಸಿಗೆ ಬದಲಿಸುವುದು ಹೇಗೋ ಹಾಗೆಯೇ ಸಾಕಣೆಯ ಕ್ರಮಗಳಲ್ಲಿ ಅದೂ ಒಂದು.

ಬಿತ್ತನೆಯ ವಿಷಯ

ಹುಳುಗಳಿಗೆ ತಗಲುವ ರೋಗಗಳಲ್ಲಿ ಗಂಟುರೋಗವು ಅತ್ಯಂತ ಭಯಂಕರವಾದುದು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು ರೋಗಗಳು ಸಾಕುವ ಮನೆಯಲ್ಲಿ ಹುಟ್ಟಿ ಹರಡುವುವು. ಗಂಟುರೋಗವಾದರೋ ಹಾಗೆ ಹರಡುವುದಲ್ಲದೆ ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಕ್ಕೂ ಇಳಿದು ಮುಂದಿನ ಸಂತತಿಗೆ ಹುಟ್ಟಿನಿಂದಲೇ ಅಂಟಿಕೊಳ್ಳುವುದು. ರೋಗದ ಮೊಟ್ಟೆಯನ್ನೂ ಒಳ್ಳೆಯ ಮೊಟ್ಟೆಯನ್ನೂ ಬರಿಗಣ್ಣಿಗೆ ಬೇರ್ಪಡಿಸಲು ಸಾಧ್ಯವಿಲ್ಲ.

ಈ ರೋಗದ ಹಾವಳಿಯಿಂದ ಫ್ರಾನ್ಸ್ ದೇಶದಲ್ಲಿ 1853ರಲ್ಲಿ ಸುಮಾರು 26,000 ಟನ್ನುಗಳಷ್ಟಿದ್ದ ಗೂಡಿನ ಉತ್ಪತ್ತಿಯು 1865ರ ವೇಳೆಗೆ ಸುಮಾರು 4,000 ಟನ್ನುಗಳಿಗೆ ಇಳಿಯಿತು. ಆಗ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯು 1865ರಿಂದ ಐದು ವರ್ಷಗಳ ಕಾಲ ಶ್ರಮಿಸಿ ಉಪಾಯವನ್ನು ಕಂಡುಹಿಡಿದನು. ಪ್ರತಿಯೊಂದು ತಾಯಿ ಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆಯಿಡುವಂತೆ ಮಾಡಿ, ಆಮೇಲೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗಾಣು ಕಂಡುಬಂದಲ್ಲಿ ಆ ಮೊಟ್ಟೆಗಳನ್ನು ಸುಟ್ಟುಬಿಡುವುದೇ ಆ ಉಪಾಯ. ಗಂಟುರೋಗಕ್ಕೆ ಔಷಧವು ಇಂದಿಗೂ ಇಲ್ಲ, ಪರೀಕ್ಷೆಯೊಂದೇ ರಕ್ಷೆ.

ಆದುದರಿಂದಲೇ ಕರ್ನಾಟಕದಲ್ಲಿ 1959ರ ಕಾನೂನು ಬಿತ್ತನೆ, ಗೂಡು, ನೂಲುಗಳ ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಣಕ್ಕೆ ಒಳಪಡಿಸಿತು. ಮನೆಯಲ್ಲಿ ಮಿಕ್ಕ ಗೂಡುಗಳಿಂದ ಚಿಟ್ಟೆ ಹೊರಡಿಸಿ, ಮೊಟ್ಟೆ ಕಟ್ಟಿ, ಅಗ್ಗವಾಗಿ ನೆಂಟರಿಗೂ ನೆರೆಯವರಿಗೂ ಕೊಡುವುದು ಉಪಕಾರವೆಂದು ತೋರಬಹುದು. ಅದು ಕಣ್ಣಿಗೆ ಕಾಣದ ವಿಷವನ್ನು ಹಂಚಿದಂತೆ. ಸರ್ಕಾರದ ಇಲ್ಲವೆ ಪರವಾನಗಿ ಪಡೆದ ಬಿತ್ತನೆ ಕೋಠಿಯಿಂದಲೇ ರೋಗರಹಿತವಾದ ಮೊಟ್ಟೆಗಳನ್ನು ತರತಕ್ಕದ್ದು.

ಉದ್ದೇಶವೂ ಅಳತೆಯೂ

ಕಸುಬನ್ನು ಕೈಕೊಳ್ಳುವ ಮೊದಲು ಯಜಮಾನನು ಮನೆಯವರೊಡನೆ ಕುಳಿತು ಇದರಿಂದ ಆಗಬೇಕಾದುದೇನೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಸಾಲ ತೀರಬೇಕೋ, ಮಕ್ಕಳ ಓದು ಸಾಗಬೇಕೋ, ಬಾವಿ ತೋಡಿಸಬೇಕೋ ಎಂಬುದು ಸ್ಪಷ್ಟವಾದರೆ ಕಸುಬಿನ ಗಾತ್ರವು ಮನೆಯ ಶಕ್ತಿಯನ್ನು ಮೀರದು. ಉದ್ದೇಶವಿಲ್ಲದವನಿಗೆ ನೆರೆಯವನ ಮೊಟ್ಟೆಯ ಲೆಕ್ಕವೇ ಗುರಿಯಾಗುತ್ತದೆ.

ಒಂದು ಚಿಟ್ಟೆಯ ಮೊಟ್ಟೆಯಲ್ಲಿ 400ರಿಂದ 500 ಮರಿಗಳು ಹೊರಡುವುವು. 100 ಮೊಟ್ಟೆ ಸಾಕುವವನು 40,000ದಿಂದ 50,000 ಹುಳುಗಳ ಹೊಟ್ಟೆಯನ್ನು ತುಂಬಬೇಕಾಗುತ್ತದೆ. ಚಾಕಿ ಹುಳುಗಳು ತಿನ್ನುವುದು ಅತ್ಯಲ್ಪ. ನಾಲ್ಕು ಜ್ವರಗಳು ಕಳೆದ ಮೇಲಿನ ಸುಮಾರು ಒಂದು ವಾರದಲ್ಲಿಯೇ ಒಟ್ಟು ಸೊಪ್ಪಿನ ನೂರಕ್ಕೆ 80 ಪಾಲಿಗೂ ಹೆಚ್ಚು ಖರ್ಚಾಗುತ್ತದೆ. ಮೊದಲ ದಿನಗಳ ಸಣ್ಣ ಖರ್ಚನ್ನು ನೋಡಿ ಆಸೆಯಿಂದ ಹೆಚ್ಚು ಮೊಟ್ಟೆ ತಂದವನಿಗೆ ಈ ವಾರದಲ್ಲಿ ಸೊಪ್ಪು ಸಾಲದೆ ಹುಳುಗಳು ಹಸಿಯುವುವು. ಹಸಿದ ಹುಳುವಿಗೆ ರೋಗವು ಬೇಗ ತಗಲುವುದು. ತೋಟದ ಸೊಪ್ಪನ್ನು ಮೊದಲು ಅಂದಾಜು ಮಾಡಿ, ಅದಕ್ಕಿಂತ ಸ್ವಲ್ಪ ಕಡಿಮೆಯಾಗಿಯೇ ಸಾಕುವುದು ವಿವೇಕ.

ಶುಚಿತ್ವವೂ ನೆರೆಯವರ ಹಿತವೂ

ಒಂದು ಬೆಳೆ ಮುಗಿದ ಕೂಡಲೆ ಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆದು ಸೋಂಕು ನಿವಾರಿಸತಕ್ಕದ್ದು. ಲೀಟರು ನೀರಿಗೆ 20 ಗ್ರಾಂ ಚೆಲುವೆ ಪುಡಿಯನ್ನೂ 3 ಗ್ರಾಂ ಅರಳಿದ ಸುಣ್ಣವನ್ನೂ ಬೆರೆಸಿದ ದ್ರಾವಣವು ಇದಕ್ಕೆ ತಕ್ಕುದು. ರೋಗದ ಹುಳುಗಳನ್ನು ಆಗಾಗ ಆರಿಸಿ ಸುಡಬೇಕು, ಇಲ್ಲವೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಬೀದಿಗೆ ಎಸೆಯುವುದೂ, ಕೋಳಿಗಳ ಮುಂದೆ ಚೆಲ್ಲುವುದೂ, ಹಿಕ್ಕೆಯನ್ನು ಹಸಿಯಾಗಿಯೇ ತೋಟಕ್ಕೆ ಒಯ್ಯುವುದೂ ರೋಗವನ್ನು ಊರಿಗೆಲ್ಲಾ ಹಂಚುವ ದಾರಿಗಳು.

ಒಂದು ಕಡೆಯ ಅಲಕ್ಷ್ಯವು ಎಷ್ಟು ದೂರ ಹಬ್ಬುವುದೆಂಬುದಕ್ಕೆ ಊಜಿ ನೊಣವೇ ಸಾಕ್ಷಿ. ಕರ್ನಾಟಕದಲ್ಲಿ ಹಿಂದೆ ಇಲ್ಲದಿದ್ದ ಈ ಪೀಡೆಯು 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡುಗಳೊಡನೆ ಇಲ್ಲಿಗೆ ತಲುಪಿತು. ಇಂದು ಕಿಟಕಿ ಬಾಗಿಲುಗಳಿಗೆ ಜಾಲರಿ ಕಟ್ಟದೆ ಸಾಕುವುದು ಅಪಾಯಕರವಾಗಿದೆ.

ರೇಷ್ಮೆ ಸಾಕದ ಭೂಮಾಲೀಕರಿಗೂ ಇಲ್ಲಿ ಹೊಣೆಯುಂಟು. ಹಿಪ್ಪುನೇರಳೆಯ ಪಕ್ಕದಲ್ಲಿ ಹೊಗೆಸೊಪ್ಪು ಬೆಳೆದರೆ ಅದರ ವಿಷವು ಸೊಪ್ಪಿಗೆ ಸೇರಿ ಹುಳುಗಳು ಸಾಯುವುವು. ಗಾಳಿ ಬೀಸುವಾಗ ತರಕಾರಿಗೆ ಸಿಂಪಡಿಸಿದ ಕೀಟನಾಶಕವೂ ಹಾಗೆಯೇ. ಸಿಂಪಡಿಸುವ ಮುನ್ನ ನೆರೆಯ ತೋಟದವನಿಗೆ ಒಂದು ಮಾತು ತಿಳಿಸಿದರೆ ಅವನ ತಿಂಗಳ ದುಡಿಮೆಯು ಉಳಿಯುತ್ತದೆ.

ಶ್ರಮವೂ ಲೆಕ್ಕವೂ

ಸೊಪ್ಪು ಕತ್ತರಿಸುವುದು, ಹೊತ್ತುಹೊತ್ತಿಗೆ ಹುಳುಗಳಿಗೆ ಉಣಿಸುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಇವುಗಳಲ್ಲಿ ಹೆಚ್ಚಿನ ಭಾಗವನ್ನು ಹೆಂಗಸರೇ ಮಾಡುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ಶ್ರಮಕ್ಕೆ ಒಂದು ಸಾಲೂ ಇರುವುದಿಲ್ಲ. ಹೀಗೆ ಬರೆದ ಲಾಭವು ನಿಜವಾದ ಲಾಭವಲ್ಲ. ಮೊಟ್ಟೆ, ಗೊಬ್ಬರ, ನೀರು, ಔಷಧಗಳ ಖರ್ಚಿನೊಡನೆ ಮನೆಯವರ ಕೂಲಿಯನ್ನೂ ಊರಿನ ದರದಂತೆ ಬರೆದಿಡಬೇಕು. ಆಗ ಯಾವ ಬೆಳೆಯಿಂದ ಎಷ್ಟು ಉಳಿಯಿತೆಂಬುದು ತಿಳಿಯುವುದಲ್ಲದೆ ಆ ಹಣವನ್ನು ಹೇಗೆ ಬಳಸಬೇಕೆಂಬುದರಲ್ಲಿ ದುಡಿದವರ ಮಾತಿಗೂ ಬೆಲೆ ಬರುವುದು.

ತೋಟವನ್ನು ಪಾಲಿಗೆ ಕೊಡುವ ಮಾಲೀಕರು ಬೆಳೆ ಕೆಟ್ಟಲ್ಲಿ ನಷ್ಟವು ಯಾರಿಗೆ ಎಷ್ಟು ಎಂಬುದನ್ನು ಮೊದಲೇ ಬರೆದಿಡತಕ್ಕದ್ದು. ಲಾಭದಲ್ಲಿ ಸಮಪಾಲು ಪಡೆದು ನಷ್ಟವನ್ನು ದುಡಿದವನ ತಲೆಗೇ ಕಟ್ಟುವುದು ನ್ಯಾಯವಲ್ಲ.

ಮಾರಾಟ

ಹುಳು ಗೂಡು ಕಟ್ಟಿ ಒಳಗೆ ಕೋಶಾವಸ್ಥೆಗೆ ಬಂದು ಗಟ್ಟಿಯಾದ ಮೇಲೆ, ಅಂದರೆ ಸಾಮಾನ್ಯವಾಗಿ ಐದಾರು ದಿನಗಳ ನಂತರ, ಗೂಡು ಬಿಡಿಸಬೇಕು. ದರ ಏರಿದೆಯೆಂದು ಆತುರಪಟ್ಟು ಮೊದಲೇ ಬಿಡಿಸಿದರೆ ಎಳೆಯ ಕೋಶಗಳು ಸಾಗಣೆಯಲ್ಲಿ ಒಡೆದು ಒಳ್ಳೆಯ ಗೂಡುಗಳಿಗೂ ಕಲೆ ಹತ್ತುವುದು. ಜೋಡಿಗೂಡು, ಕಲೆಗೂಡು, ಜೊಳ್ಳುಗೂಡುಗಳನ್ನು ಆರಿಸಿ ತೆಗೆಯಬೇಕು. ಅವನ್ನು ರಾಶಿಯ ಅಡಿಯಲ್ಲಿ ಮರೆಸಿಟ್ಟವನು ರಾಮನಗರದ ಇಲ್ಲವೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಂದು ದಿನ ಗೆಲ್ಲಬಹುದು. ಆದರೆ ನೂಲು ಬಿಚ್ಚುವವನು ಮನೆಗೆ ಹೋಗಿ ಗೂಡುಗಳನ್ನು ಕುದಿನೀರಿಗೆ ಹಾಕಿದಾಗ ಮೋಸವು ಬಯಲಾಗುತ್ತದೆ. ಮುಂದಿನ ಸಲ ಅವನು ಆ ಊರಿನ ಗೂಡೆಂದರೆ ಕೂಗುವ ಬೆಲೆಯನ್ನೇ ತಗ್ಗಿಸುವನು. ಪ್ರಾಮಾಣಿಕನಾದ ನೆರೆಯವನೂ ಅದನ್ನು ತೆರಬೇಕಾಗುವುದು.

ಗ್ರಾಮದ ಹಿರಿಯರ ಕರ್ತವ್ಯ

ರೋಗ ತಗಲಿದ ಮನೆಯವನು ಅದನ್ನು ಬಚ್ಚಿಡುವುದಕ್ಕೆ ಕಾರಣವು ಸಾಮಾನ್ಯವಾಗಿ ದುಷ್ಟತನವಲ್ಲ, ಭಯ. ಸುದ್ದಿ ಹೊರಬಿದ್ದರೆ ಸಾಲ ಕೊಟ್ಟವನು ಬಾಗಿಲಿಗೆ ಬರುವನು, ನಾಲ್ಕು ಜನ ನಗುವರು ಎಂಬ ಅಂಜಿಕೆಯಿಂದ ಅವನು ಸುಮ್ಮನಿರುತ್ತಾನೆ. ಅಷ್ಟರಲ್ಲಿ ರೋಗವು ಹತ್ತು ಮನೆಗಳನ್ನು ಹೊಕ್ಕಿರುತ್ತದೆ. ಕಾನೂನು ಬಿತ್ತನೆಯನ್ನು ಪರೀಕ್ಷಿಸಬಲ್ಲದು, ಮಾರುಕಟ್ಟೆಯನ್ನು ನಡೆಸಬಲ್ಲದು. ಈ ಭಯವನ್ನು ಹೋಗಲಾಡಿಸಲು ಊರಿನ ಹಿರಿಯರಿಂದ ಮಾತ್ರ ಸಾಧ್ಯ.

ಅದಕ್ಕೆ ಮೂರು ಕ್ರಮಗಳನ್ನು ಕೈಕೊಳ್ಳಬಹುದು. ಊರಿನ ಎಲ್ಲ ಮನೆಗಳೂ ಒಂದೇ ವಾರದಲ್ಲಿ ಸೋಂಕು ನಿವಾರಿಸಿ ಒಂದೇ ಕಾಲಕ್ಕೆ ಮರಿ ಕಟ್ಟುವಂತೆ ಗೊತ್ತುಮಾಡುವುದು ಮೊದಲನೆಯದು. ರೋಗವನ್ನು ತಾನಾಗಿ ತಿಳಿಸಿ ಹುಳುಗಳನ್ನು ಸುಟ್ಟವನ ತೋಟದಲ್ಲಿ ಉಳಿದ ಸೊಪ್ಪನ್ನು ಚೆನ್ನಾಗಿ ತೊಳೆದು ನೆರೆಯವರು ನ್ಯಾಯವಾದ ಬೆಲೆಗೆ ಕೊಳ್ಳುವಂತೆ ಏರ್ಪಡಿಸುವುದು ಎರಡನೆಯದು. ಮುಂದಿನ ಬೆಳೆಯವರೆಗೆ ಅವನ ಸಾಲದ ವಾಯಿದೆಯನ್ನು ಮುಂದೂಡುವಂತೆ ಸಾಹುಕಾರರಿಗೆ ಹೇಳುವುದು ಮೂರನೆಯದು. ನಿಜ ಹೇಳಿದವನಿಗೆ ನಷ್ಟವಾಗದ ಊರಿನಲ್ಲಿ ರೋಗವು ಒಂದೇ ಮನೆಯಲ್ಲಿ ನಿಲ್ಲುವುದು. ನಿಜ ಹೇಳಿದವನನ್ನೇ ದಂಡಿಸುವ ಊರಿನಲ್ಲಿ ಅದು ಎಲ್ಲರ ಮನೆಯ ಹುಳುಗಳನ್ನೂ ತಿಂದುಹಾಕುವುದು. ಮುಂಬರುವ ಮರಿ ಕಟ್ಟುವಿಕೆಗೆ ಮುಂಚಿತವಾಗಿ ಗ್ರಾಮದ ಮುಖಂಡರೂ ಭೂಮಾಲೀಕರೂ ಸಭೆ ಸೇರಿ ಈ ವಿಷಯವನ್ನು ಗೊತ್ತುಮಾಡಿಕೊಂಡಲ್ಲಿ ಅತ್ಯಂತ ಹಿತಕರವಾಗುವುದು.