ಪದ್ಯಬೋಧನೆಯಲ್ಲಿ ಸ್ವರಲಿಪಿ ತಂತ್ರಾಂಶ ಮತ್ತು ಸ್ವಯಂಚಾಲಿತ ಪಕ್ಕವಾದ್ಯ

ಗಡಿಯಾಚೆಯ ಕನ್ನಡ ಶಾಲೆಗಳೆಲ್ಲವುಗಳಲ್ಲಿ ಸಂಗೀತ ಶಿಕ್ಷಕರಿರುವುದಿಲ್ಲ. ಪದ್ಯವನ್ನು ರಾಗವಾಗಿ ಕಲಿಸುವ ಹೊಣೆ ಬಹುತೇಕ ಭಾಷಾಶಿಕ್ಷಕರದೇ. ಬೀದಿಯಲ್ಲಿ, ಸಂತೆಯಲ್ಲಿ, ದೂರದರ್ಶನದಲ್ಲಿ ಬೇರೆ ಭಾಷೆಯನ್ನೇ ಹೆಚ್ಚಾಗಿ ಕೇಳುವ ಮಗುವಿಗೆ ಕನ್ನಡದ ಹ್ರಸ್ವ-ದೀರ್ಘಗಳೂ ಒತ್ತಕ್ಷರಗಳೂ ಕಿವಿಯ ಮೂಲಕ ನೆಲೆಗೊಳ್ಳುವುದು ಪದ್ಯದ ತರಗತಿಯಲ್ಲಿಯೇ. ಆದುದರಿಂದ ಗಣಕಯಂತ್ರದ ನೆರವನ್ನು ಪಡೆಯುವಾಗ ಹಾಡು ಇಂಪಾಯಿತೇ ಎಂಬುದರ ಜೊತೆಗೆ ನುಡಿ ಉಳಿಯಿತೇ ಎಂಬುದನ್ನೂ ನೋಡಬೇಕಾಗುತ್ತದೆ.

1. ಎರಡು ಬಗೆಯ ಸಾಧನಗಳು

ಸ್ವರಲಿಪಿ ತಂತ್ರಾಂಶವು ಬರೆದ ಸ್ವರಗಳನ್ನು ನುಡಿಸಿ ತೋರಿಸುತ್ತದೆ. ಮ್ಯೂಸ್‌ಸ್ಕೋರ್ ಇಂಥದು, ಇದು ಉಚಿತ ಹಾಗೂ ಮುಕ್ತ ತಂತ್ರಾಂಶ, ಲಿನಕ್ಸ್ ಇರುವ ಗಣಕಗಳಲ್ಲಿಯೂ ನಡೆಯುತ್ತದೆ. ಸ್ವಯಂಚಾಲಿತ ಪಕ್ಕವಾದ್ಯದ ತಂತ್ರಾಂಶವು ಸ್ವರಮೇಳಗಳ ಹೆಸರನ್ನೂ ಒಂದು ಶೈಲಿಯನ್ನೂ ಸೂಚಿಸಿದರೆ ತಾನೇ ವಾದ್ಯವೃಂದವನ್ನು ಕಟ್ಟಿಕೊಡುತ್ತದೆ. 1990ರಲ್ಲಿ ಬಂದ ಬ್ಯಾಂಡ್-ಇನ್-ಎ-ಬಾಕ್ಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡೂ ಪಾಶ್ಚಾತ್ಯ ಸಂಗೀತದ ಲಿಪಿ ಮತ್ತು ಲಯಗಳನ್ನು ಆಧರಿಸಿ ರೂಪುಗೊಂಡವು ಎಂಬುದನ್ನು ಮರೆಯಬಾರದು.

2. ಮಾತ್ರೆಯಿಂದ ಸ್ವರಕ್ಕೆ

ಛಂದಸ್ಸನ್ನು ಬಲ್ಲ ಶಿಕ್ಷಕರಿಗೆ ಈ ಲಿಪಿ ಅಪರಿಚಿತವಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬಾಲವಿರುವ ಎಂಟನೆಯ ಒಂದಂಶದ ಸ್ವರಚಿಹ್ನೆಯನ್ನು ಲಘುವಿಗೂ, ಬಾಲವಿಲ್ಲದ ಕಪ್ಪು ಚಿಹ್ನೆಯನ್ನು, ಅಂದರೆ ನಾಲ್ಕನೆಯ ಒಂದಂಶವನ್ನು, ಗುರುವಿಗೂ ಇರಿಸಿಕೊಂಡರೆ ಪ್ರಸ್ತಾರವೇ ಸ್ವರಲಿಪಿಯಾಗುತ್ತದೆ. 'ಬಳೆ' ಎರಡು ಲಘು. 'ಬಾಳೆ' ಒಂದು ಗುರು, ಒಂದು ಲಘು. ತಂತ್ರಾಂಶವು ಇವೆರಡನ್ನು ನುಡಿಸಿದಾಗ ಅಂತರವು ಮಗುವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಮರಾಠಿಯಲ್ಲಿ ಎ-ಏ, ಒ-ಓಗಳ ಭೇದವಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ತರಗತಿಗಳಲ್ಲಿ 'ಕೊಡು-ಕೋಡು'ಗಳಂಥ ಜೋಡಿಗಳನ್ನು ಹೀಗೆ ನುಡಿಸಿ ಕೇಳಿಸುವುದು ವಿಶೇಷವಾಗಿ ಉಪಯುಕ್ತ.

ಇಲ್ಲಿ ಒಂದು ಮಿತಿಯಿದೆ. 'ಹಾಲು', 'ಹಲ್ಲು' ಎರಡಕ್ಕೂ ಮೂರು ಮಾತ್ರೆಗಳೇ. ಯಂತ್ರಕ್ಕೆ ಎರಡೂ ಒಂದೇ. ಮೊದಲನೆಯದರಲ್ಲಿ ಗುರುತ್ವ ಬಂದುದು ಸ್ವರದ ದೀರ್ಘತೆಯಿಂದ, ಎರಡನೆಯದರಲ್ಲಿ ಒತ್ತಕ್ಷರದಿಂದ. 'ಹಲ್ಲು' ಎಂಬಲ್ಲಿ ನಾದವು ಲಕಾರದ ಮೇಲೆ ನಿಲ್ಲದೆ ಅಕಾರದ ಮೇಲೆ ಎಳೆದರೆ ಮಗು ಹಾಡುವುದು 'ಹಾಲು' ಎಂದೇ ಕೇಳಿಸೀತು. ಇದನ್ನು ತಿದ್ದಬಲ್ಲದ್ದು ಶಿಕ್ಷಕರ ಕಿವಿ ಮಾತ್ರ.

ಸಾಹಿತ್ಯವನ್ನು ಸೇರಿಸುವಾಗ ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಆಸ್ಕಿ ಅಕ್ಷರಗಳ ಕಡತದಿಂದ ನಕಲಿಸಿದರೆ ಕನ್ನಡದ ಬದಲಿಗೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಪದದ ನಡುವಿನ ಅಕ್ಷರಗಳನ್ನು ಅಡ್ಡಗೆರೆಯಿಂದ ಬಿಡಿಸಿ, ಪ್ರತಿ ಸ್ವರದ ಕೆಳಗೆ ಒಂದೊಂದು ಅಕ್ಷರ ಬರುವಂತೆ ಕೂರಿಸಬೇಕು.

3. ತಾಳದ ಆಯ್ಕೆ

ಕುಮಾರವ್ಯಾಸನ ಭಾರತವು ಭಾಮಿನಿ ಷಟ್ಪದಿಯಲ್ಲಿದೆ. ಅದರ ಮೊದಲ ಸಾಲಿನ ನಡೆ 3+4, 3+4. ಒಟ್ಟು 14 ಮಾತ್ರೆ. ತಾಳಚಿಹ್ನೆಯನ್ನು 7/8 ಎಂದು ಇರಿಸಿದರೆ ಎರಡು ಆವರ್ತಗಳಲ್ಲಿ ಸಾಲು ಮುಗಿಯುತ್ತದೆ. ಇದು ಮಿಶ್ರಛಾಪಿನ ನಡೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ 3+4 ಮೂರು ಬಾರಿ ಬಂದು ಕೊನೆಗೆ ಒಂದು ಗುರುವಿರುವುದರಿಂದ 23 ಮಾತ್ರೆಗಳಾಗುತ್ತವೆ. ನಾಲ್ಕನೆಯ ಆವರ್ತದಲ್ಲಿ ಉಳಿಯುವ 5 ಮಾತ್ರೆಗಳನ್ನು ವಿರಾಮವಾಗಿ ಬಿಡಬೇಕು. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿಯಲ್ಲಿ ಐದು ಮಾತ್ರೆಗಳ ಗಣಗಳಿರುವುದರಿಂದ 5/8 ಹೊಂದುತ್ತದೆ.

ಸಿದ್ಧ ಪಕ್ಕವಾದ್ಯದ ಶೈಲಿಗಳಲ್ಲಿ ಹೆಚ್ಚಿನವು ನಾಲ್ಕು ಅಥವಾ ಮೂರು ಎಣಿಕೆಯವು. ಭಾಮಿನಿಯನ್ನು ನಾಲ್ಕರ ಎಣಿಕೆಗೆ ಒಗ್ಗಿಸಹೊರಟರೆ ಪ್ರತಿ ಗಣಜೋಡಿಗೂ ಒಂದು ಮಾತ್ರೆಯನ್ನು ತುಂಬಬೇಕಾಗುತ್ತದೆ, ಎಲ್ಲಿಯೋ ಒಂದು ಲಘು ಗುರುವಾಗುತ್ತದೆ. ಹೊಂದುವ ಶೈಲಿ ದೊರೆಯದಿದ್ದರೆ ಮೂರು ಮತ್ತು ನಾಲ್ಕರ ಆರಂಭಗಳಲ್ಲಿ ಪೆಟ್ಟು ಬೀಳುವ ಸರಳ ತಾಳವಷ್ಟೇ ಸಾಕು.

4. ಶ್ರುತಿಯೋ ಸ್ವರಮೇಳವೋ

ಮೋಹನ ರಾಗದಲ್ಲಿರುವುದು ಸ ರಿ ಗ ಪ ದ ಎಂಬ ಐದು ಸ್ವರಗಳು. ಯಂತ್ರವು ಸಾಮಾನ್ಯವಾಗಿ ಒದಗಿಸುವ ಸ್ವರಮೇಳಗಳಲ್ಲಿ ಒಂದು ಮ-ದ-ಸ, ಇನ್ನೊಂದು ಪ-ನಿ-ರಿ. ಇವು ರಾಗದಲ್ಲಿಲ್ಲದ ಮಧ್ಯಮ ನಿಷಾದಗಳನ್ನು ಒಳತರುತ್ತವೆ. ಎಳೆಯ ಕಿವಿ ಅವುಗಳತ್ತ ಜಾರುತ್ತದೆ. ರಾಗಪ್ರಧಾನ ಹಾಡುಗಳಿಗೆ ತಂಬೂರಿಯ ಷಡ್ಜ-ಪಂಚಮಗಳೇ ಉತ್ತಮ ಆಸರೆ. ಪ್ರಯಾಣಗೀತೆ, ಕವಾಯತು ಗೀತೆಗಳಂಥವಕ್ಕೆ ಸ್ವರಮೇಳದ ಪಕ್ಕವಾದ್ಯವನ್ನು ಧಾರಾಳವಾಗಿ ಬಳಸಬಹುದು. ಶ್ರುತಿಯನ್ನು ಶಿಕ್ಷಕರ ಕಂಠಕ್ಕಲ್ಲ, ತರಗತಿಯ ಕಂಠಕ್ಕೆ ಹೊಂದಿಸಬೇಕು. ಹಾಡಿನ ಅತಿ ಕೆಳಗಿನ ಹಾಗೂ ಅತಿ ಮೇಲಿನ ಸ್ವರಗಳೆರಡೂ ಎಲ್ಲರಿಗೂ ನಿಲುಕುವವರೆಗೆ ಇಡೀ ಹಾಡನ್ನು ಏರಿಸುವ ಅಥವಾ ಇಳಿಸುವ ಸೌಲಭ್ಯ ತಂತ್ರಾಂಶದಲ್ಲಿದೆ.

5. ಅಭ್ಯಾಸ ಕ್ರಮ

ಅ) ರಾಗವಿಲ್ಲದೆ ಪದ್ಯವನ್ನು ಓದಿ, ಗಣಗಳಿಗೆ ಚಪ್ಪಾಳೆ ಹಾಕಿಸುವುದು.
ಆ) ವೇಗವನ್ನು ತಗ್ಗಿಸಿ ಧಾಟಿಯನ್ನು ಎರಡು ಬಾರಿ ಕೇಳಿಸುವುದು.
ಇ) ಧಾಟಿಯೊಡನೆ ಸಾಹಿತ್ಯವನ್ನು ಹಾಡಿಸುವುದು.
ಈ) ಧಾಟಿಯನ್ನು ಮೌನವಾಗಿಸಿ ಶ್ರುತಿ-ತಾಳಗಳನ್ನು ಮಾತ್ರ ಉಳಿಸುವುದು.
ಉ) ಯಂತ್ರವನ್ನು ನಿಲ್ಲಿಸಿ ಹಾಡಿಸುವುದು. ಈ ಹಂತಕ್ಕೆ ತಲುಪದ ಪಾಠ ಪೂರ್ಣವಾದುದಲ್ಲ.

ಗಮಕ ವಾಚನವು ತಾಳದ ಕಟ್ಟಿಗೆ ಒಳಪಡುವುದಿಲ್ಲ. ಅರ್ಥ ಮತ್ತು ಭಾವವನ್ನು ಅನುಸರಿಸಿ ಸಾಗುತ್ತದೆ. ಕಾವ್ಯಭಾಗದಲ್ಲಿ ತಾಳವು ಗಣಗಳ ಪರಿಚಯಕ್ಕೆ ಮಾತ್ರ. ವಾಚನದ ವೇಳೆಗೆ ಅದನ್ನು ಕೈಬಿಡಬೇಕು.

6. ಊರಿನ ಹಾಡುಗಳು

ಸೋಬಾನೆ, ಕೋಲಾಟ, ಬೀಸುವ ಪದಗಳನ್ನು ಸ್ವರಲಿಪಿಗೆ ಇಳಿಸುವ ಮೊದಲು ಹಿರಿಯರ ಒಪ್ಪಿಗೆ ಪಡೆದು ಅವರ ಹಾಡಿಕೆಯನ್ನೇ ಧ್ವನಿಮುದ್ರಿಸಿಕೊಳ್ಳಬೇಕು; ಹಾಡಿದವರು, ಊರು, ಸಂದರ್ಭ ಇವನ್ನು ಬರೆದಿಡಬೇಕು. ಸ್ವರಲಿಪಿ ಹಾಡಿನ ಅಸ್ಥಿಪಂಜರ ಮಾತ್ರ; ಕಂಪನ, ಜಾರು, ಉಸಿರಿನ ನಿಲುಗಡೆಗಳು ಅದರಲ್ಲಿ ಪೂರ್ತಿಯಾಗಿ ನಿಲ್ಲವು. ಯಂತ್ರದ ನುಡಿಕೆಯನ್ನೇ ಕೇಳಿ ಕಲಿತ ಮಕ್ಕಳಲ್ಲಿ ಉಳಿಯುವುದು ಯಂತ್ರದ ಧಾಟಿ. ಮಕ್ಕಳು ಮೊದಲು ಅಜ್ಜಿಯ ದನಿಯನ್ನು ಕೇಳಲಿ, ಅನಂತರ ತಂತ್ರಾಂಶವನ್ನು.

ಚಟುವಟಿಕೆ: ಪಠ್ಯದ ಒಂದು ಷಟ್ಪದಿಯ ಮೊದಲ ಮೂರು ಸಾಲುಗಳಿಗೆ ಪ್ರಸ್ತಾರ ಹಾಕಿ, ಒಂದೇ ಸ್ವರದಲ್ಲಿ ತಂತ್ರಾಂಶಕ್ಕೆ ಬರೆದು ನುಡಿಸುವುದು. ಸಾಹಿತ್ಯವನ್ನು ತೋರಿಸದೆ ಲಯವನ್ನಷ್ಟೇ ಕೇಳಿಸಿ, ಅದು ಯಾವ ಸಾಲು ಎಂದು ಮಕ್ಕಳಿಂದ ಗುರುತಿಸುವುದು.